ಪೂರ್ವದಲ್ಲಿದ್ದ ಕಡಲು

ನಮ್ಮ ಊರಿನಲ್ಲಿ ಕಡಲು ಪಡುವಣಕ್ಕಿದೆ. ಕುಮಟೆಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸೂರ್ಯನು ಘಟ್ಟದ ಮೇಲಿಂದ ಬಂದು, ತೋಟದ ನೆತ್ತಿಯನ್ನು ದಾಟಿ, ಸಂಜೆ ಕಡಲಿಗೆ ಇಳಿಯತಕ್ಕವನು. ಈ ಕ್ರಮ ನನ್ನ ಮೈಯಲ್ಲಿ ಎಷ್ಟರಮಟ್ಟಿಗೆ ಸೇರಿಹೋಗಿತ್ತೆಂದರೆ, ೨೦೧೬ರಲ್ಲಿ ಓದಿಗಾಗಿ ಸಿಡ್ನಿಗೆ ಹೋದ ಮೊದಲ ವಾರದಲ್ಲಿ ಒಂದು ಬೆಳಗ್ಗೆ ಬಾಂಡೈ ದಂಡೆಯ ಮೇಲೆ ನಿಂತು, ನೀರಿನೊಳಗಿಂದ ಮೂಡಿಬರುತ್ತಿದ್ದ ಸೂರ್ಯನನ್ನು ಕಂಡಾಗ, ಎಲ್ಲಿಯೋ ಏನೋ ತಪ್ಪಾಗಿದೆ ಎಂಬ ಭಾವನೆ ಬಹಳ ಹೊತ್ತು ನನ್ನನ್ನು ಬಿಡಲಿಲ್ಲ. ಮಧ್ಯಾಹ್ನವಾದರೆ ಅವನು ಉತ್ತರದ ಕಡೆಗೆ ವಾಲಿಕೊಂಡು ಹೋಗುತ್ತಿದ್ದನು. ಜನವರಿಯಲ್ಲಿ ಬೇಸಗೆ, ಜುಲೈಯಲ್ಲಿ ಚಳಿ. ಇವೆಲ್ಲ ಭೂಗೋಳದ ಪಾಠದಲ್ಲಿ ಓದಿ ಅಂಕ ಪಡೆದ ಸಂಗತಿಗಳೇ ಹೌದು. ಆದರೆ ತಲೆ ಒಪ್ಪಿದುದನ್ನು ಮೈ ಒಪ್ಪುವುದಕ್ಕೆ ಹಲವು ತಿಂಗಳು ಹಿಡಿಯಿತು.

ಕಡಲತಡಿಯವನೆಂದ ಮಾತ್ರಕ್ಕೆ ನಾನು ಕಡಲನ್ನು ಬಲ್ಲವನೆಂದು ವಾಚಕರು ಭಾವಿಸಬಾರದು. ನಮ್ಮ ಮನೆಯಲ್ಲಿ ಕಡಲಿಗೆ ಹೋಗಬೇಕಾದರೆ ಪಂಚಾಂಗ ನೋಡಬೇಕಾಗಿತ್ತು. ಗ್ರಹಣ ಹಿಡಿದರೆ, ಮಹಾಲಯ ಅಮಾವಾಸ್ಯೆ ಬಂದರೆ, ಯಾರಾದರೂ ತೀರಿಕೊಂಡು ಅಸ್ಥಿ ಬಿಡುವುದಿದ್ದರೆ ಕಡಲು. ಆಗಲೂ ಮೊಣಕಾಲು ಮುಳುಗುವ ನೀರಿನಲ್ಲಿ ಕುಳಿತು ಮೂರು ಮುಳುಗು. ಅಲೆಯಿಲ್ಲದ ಕಡೆ ನೋಡಿ ಅಜ್ಜಿ ನಮ್ಮನ್ನು ಕೂರಿಸುತ್ತಿದ್ದಳು. ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿರುತ್ತಿತ್ತು. ಮಳೆಗಾಲದ ರಾತ್ರಿಗಳಲ್ಲಿ ಮೊರೆತ ತೋಟವನ್ನು ದಾಟಿ ಹಾಸಿಗೆಯವರೆಗೂ ಬರುತ್ತಿತ್ತು. ಕೇಳಿದ್ದು ಅಷ್ಟು, ಮುಟ್ಟಿದ್ದು ಇಷ್ಟೇ. ಈಜು ಕಲಿತದ್ದು ಮನೆಯ ಹಿಂದಿನ ಕೆರೆಯಲ್ಲಿ, ಬಾಳೆದಿಂಡು ಕಟ್ಟಿಕೊಂಡು. ಕಡಲಿನ ಮೇಲೆ ಹೋಗುವವರು ಖಾರ್ವಿಗಳು, ಹರಿಕಂತ್ರರು, ಅಂಬಿಗರು. ಅವರು ತಂದ ಮೀನು ನಮ್ಮ ಕೇರಿಯೊಳಕ್ಕೆ ಬರುತ್ತಿರಲಿಲ್ಲ. ಅವರ ಅರಿವೂ ಬರಲಿಲ್ಲ.

ಸಿಡ್ನಿಯಲ್ಲಿ ನನ್ನನ್ನು ಕಡಲಿಗೆ ಕರೆದೊಯ್ದವರು ಮೂವರು ಗೆಳೆಯರು. ನಮ್ಮ ಪರಿಚಯವಾದದ್ದು ವಿದ್ಯಾರ್ಥಿಗಳ ವಸತಿಗೃಹದ ಅಡುಗೆಮನೆಯಲ್ಲಿ, ನನ್ನ ಒಗ್ಗರಣೆಯ ಹೊಗೆಗೆ ಬೆಂಕಿಯ ಗಂಟೆ ಬಾರಿಸಿ ಕಟ್ಟಡವೆಲ್ಲ ಬೀದಿಗೆ ಬಂದ ದಿನ. ಒಬ್ಬನು ಚಿಲಿ ದೇಶದ ವಾಲ್ಡಿವಿಯಾ ಕಡೆಯವನು. ಒಬ್ಬಳು ಕೊರಿಯಾದ ಜೇಜು ದ್ವೀಪದವಳು. ಮೂರನೆಯವನು ಅಲ್ಲಿಯವನೇ, ನಗರದ ದಕ್ಷಿಣಕ್ಕಿರುವ ಕ್ರೊನುಲ್ಲಾದವನು, ಬೇಸಗೆಯ ಭಾನುವಾರಗಳಲ್ಲಿ ಹಳದಿ ಅಂಗಿ ತೊಟ್ಟು ದಂಡೆ ಕಾಯುವ ಸ್ವಯಂಸೇವಕ. ಹೆಸರುಗಳು ಇಲ್ಲಿ ಬೇಡ. ನಾಲ್ವರೂ ಕಡಲ ಮಕ್ಕಳೇ, ಆದರೆ ನಾಲ್ಕು ಬೇರೆ ಬೇರೆ ಕಡಲುಗಳ ಮಕ್ಕಳು. ಇದು ನಮಗೆ ತಿಳಿಯಲು ಬಹಳ ದಿನ ಬೇಕಾಯಿತು.

ಮೊದಮೊದಲು ನಡಿಗೆ ಮಾತ್ರ. ಬಾಂಡೈಯಿಂದ ಕೂಜೀಯವರೆಗೆ ಬಂಡೆಯ ಅಂಚಿನಲ್ಲೇ ಸುಮಾರು ೬ ಕಿಲೋಮೀಟರು ದಾರಿ. ನಡುವೆ ವೇವರ್ಲಿ ಸ್ಮಶಾನವಿದೆ; ಆ ದೇಶದ ಕಥೆಗಾರ ಹೆನ್ರಿ ಲಾಸನ್ ೧೯೨೨ರಿಂದ ಅಲ್ಲಿ ಮಲಗಿದ್ದಾನೆ. ಬದುಕಿರುವವರು ಅಷ್ಟು ಒಳ್ಳೆಯ ನೋಟವಿರುವ ಮನೆಯನ್ನು ಬಾಡಿಗೆಗೆ ಪಡೆಯಬೇಕಾದರೆ ಆಸ್ತಿ ಮಾರಬೇಕು. ಸತ್ತವರಿಗೆ ಅಂಥ ತಾಪತ್ರಯವಿಲ್ಲ.

ಆಮೇಲೆ ಕ್ರೊನುಲ್ಲಾದವನು ನಮ್ಮನ್ನು ಹಲಗೆಯ ಮೇಲೆ ಮಲಗಿಸಿದನು. ಅಲೆಯೇರುವ ಆಟ, ಅವರ ಮಾತಿನಲ್ಲಿ ಸರ್ಫಿಂಗ್, ದೂರದಿಂದ ನೋಡುವವರಿಗೆ ನಿಲ್ಲುವ ವಿದ್ಯೆಯಾಗಿ ಕಾಣುತ್ತದೆ. ನಿಜವಾಗಿ ಅದು ಕಾಯುವ ವಿದ್ಯೆ. ಮೊದಲ ದಿನ ಅವನು ನಮ್ಮನ್ನು ನೀರಿಗೇ ಬಿಡಲಿಲ್ಲ. ಅರ್ಧ ಗಂಟೆ ಮರಳಿನ ಮೇಲೆ ಕೂರಿಸಿ ನೋಡಲು ಹೇಳಿದನು. ಏನನ್ನು ನೋಡುವುದೆಂದು ಕೇಳಿದರೆ, “ನೋಡು” ಎಂದಷ್ಟೇ ಉತ್ತರ. ಅಲೆಗಳು ಒಂದೊಂದಾಗಿ ಬರುವುದಿಲ್ಲ, ಗುಂಪುಗುಂಪಾಗಿ ಬಂದು ನಡುವೆ ವಿರಾಮ ಕೊಡುತ್ತವೆ ಎಂಬುದು ನನಗೆ ಅಂದು ಗೊತ್ತಾಯಿತು. ಅವು ನೂರಾರು, ಕೆಲವೊಮ್ಮೆ ಸಾವಿರಾರು ಮೈಲಿ ದೂರದ ಬಿರುಗಾಳಿಯಲ್ಲಿ ಹುಟ್ಟಿ ನಡೆದು ಬಂದವು. ನಡೆದು ಬರುವುದು ನೀರಲ್ಲ, ನೀರಿನ ಮೇಲಿನ ಅಲುಗು. ಬೆಳೆದ ಗದ್ದೆಯ ಮೇಲೆ ಗಾಳಿ ಹಾಯುವಾಗ ಪೈರು ತನ್ನ ಬುಡದಲ್ಲೇ ಇದ್ದು ಅಲೆ ಮಾತ್ರ ಬದುವಿನತ್ತ ಓಡುವುದಿಲ್ಲವೆ, ಹಾಗೆ. ದಂಡೆಯ ಬಳಿ ನೆಲ ಮೇಲೇರಿ ಅಲೆಯ ಕಾಲು ತಡವರಿಸಿದಾಗ, ಅದರ ತಲೆ ಮುಂದಕ್ಕೆ ಬೀಳುತ್ತದೆ. ಹಲಗೆಯವನು ಹತ್ತಬೇಕಾದದ್ದು ಆ ಕ್ಷಣದಲ್ಲಿ. ನಾನು ಒಂದು ಬೇಸಗೆಯೆಲ್ಲ ಆ ಕ್ಷಣಕ್ಕಿಂತ ಮುಂಚೆಯೋ ತಡವಾಗಿಯೋ ಹತ್ತಿ, ಮೂಗಿನ ತುಂಬ ಉಪ್ಪುನೀರು ತುಂಬಿಕೊಂಡೆ.

ಈ ವಿದ್ಯೆಯನ್ನು ಆಸ್ಟ್ರೇಲಿಯದವರು ಕಲಿತದ್ದೂ ಹೊರಗಿನವನೊಬ್ಬನಿಂದಲೇ ಎಂದು ಹೇಳುವುದುಂಟು. ಹವಾಯಿಯ ಡ್ಯೂಕ್ ಕಹನಮೋಕು, ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ನೂರು ಮೀಟರು ಈಜಿನ ಚಿನ್ನ ಗೆದ್ದವನು, ೧೯೧೪-೧೫ರ ಬೇಸಗೆಯಲ್ಲಿ ಸಿಡ್ನಿಗೆ ಬಂದು, ಅಲ್ಲಿಯೇ ಸಿಕ್ಕಿದ ಪೈನ್ ಮರದ ತುಂಡಿನಿಂದ ಹಲಗೆ ಕೆತ್ತಿ, ಫ್ರೆಶ್‌ವಾಟರ್ ದಂಡೆಯಲ್ಲಿ ಅಲೆಯೇರಿ ತೋರಿಸಿದನು. ಇಸಬೆಲ್ ಲೆಥಮ್ ಎಂಬ ಹದಿಹರೆಯದ ಹುಡುಗಿಯನ್ನು ತನ್ನ ಹಲಗೆಯ ಮೇಲೆ ಜೊತೆಗೆ ಕರೆದುಕೊಂಡನು. ಅವನಿಗಿಂತ ಮುಂಚೆಯೇ ಹಲಗೆ ಹತ್ತಿದವರಿದ್ದರೆಂದು ಇತಿಹಾಸಕಾರರು ತಿದ್ದುತ್ತಾರೆ. ಇರಲಿ, ಆ ಹಲಗೆಯನ್ನು ಅಲ್ಲಿಯವರು ಇಂದಿಗೂ ದೇವರ ಪಲ್ಲಕ್ಕಿಯಂತೆ ಕಾಪಾಡಿಕೊಂಡಿದ್ದಾರೆ. ನನಗೆ ಇದಕ್ಕಿಂತ ಹಿತವೆನಿಸಿದ ಸಂಗತಿ ಬೇರೊಂದು. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಆ ಸೀಮೆಯಲ್ಲಿ ಹಗಲು ಹೊತ್ತಿನಲ್ಲಿ ಕಡಲಿಗಿಳಿದು ಮೀಯುವುದಕ್ಕೆ ಕಾನೂನಿನ ನಿಷೇಧವಿತ್ತು. ೧೯೦೨ರಲ್ಲಿ ಮ್ಯಾನ್ಲಿಯ ಪತ್ರಿಕಾ ಸಂಪಾದಕ ವಿಲಿಯಂ ಗೋಚರ್ ಎಂಬವನು ಮೊದಲೇ ಸಾರಿ ಹೇಳಿ ಹಾಡುಹಗಲಿನಲ್ಲಿ ನೀರಿಗಿಳಿದನು. ಅವರಿಗೂ ಒಂದು ಪಂಚಾಂಗವಿತ್ತೆಂದು ತಿಳಿದು ನನಗೆ ಎಷ್ಟೋ ಸಮಾಧಾನವಾಯಿತು.

ಇಷ್ಟು ಕಲಿತ ಮೇಲೆ ನನಗೆ ಜಂಬ ಬಂದಿತ್ತು. ೨೦೧೮ರ ಮಾರ್ಚಿಯಲ್ಲಿ ನಾಲ್ವರೂ ಬೆನ್ನಿಗೆ ಚೀಲ ಹಾಕಿಕೊಂಡು, ಕ್ರೊನುಲ್ಲಾದಿಂದ ಪುಟ್ಟ ದೋಣಿಯಲ್ಲಿ ಪೋರ್ಟ್ ಹ್ಯಾಕಿಂಗ್ ಹಿನ್ನೀರನ್ನು ದಾಟಿ ಬಂಡೀನಾ ಎಂಬ ಹಳ್ಳಿಗೆ ಇಳಿದಾಗ, ನಾನು ನನ್ನ ಮನಸ್ಸಿನಲ್ಲಿ ಅರ್ಧ ಖಾರ್ವಿಯಾಗಿದ್ದೆ. ಬಂಡೀನಾದಿಂದ ದಕ್ಷಿಣಕ್ಕೆ ಆಟ್‌ಫರ್ಡ್‌ವರೆಗೆ ಸುಮಾರು ೨೬ ಕಿಲೋಮೀಟರು ಕಡಲಂಚಿನ ಕಾಲುದಾರಿ. ಆ ಕಾಡನ್ನು ೧೮೭೯ರಲ್ಲಿಯೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದರು. ಧರಾವಲ್ ಎಂಬ ಮೂಲನಿವಾಸಿಗಳ ನೆಲ ಅದು. ದಾರಿಯ ಆರಂಭದಲ್ಲೇ ಜಿಬ್ಬನ್ ಎಂಬ ಮೂಲೆಯಲ್ಲಿ ಅವರು ಬಂಡೆಯ ಮೇಲೆ ಕೊರೆದ ತಿಮಿಂಗಿಲ, ತೊರಕೆ ಮೀನು, ಕಾಂಗರೂಗಳ ರೇಖೆಗಳಿವೆ. ಬೆಳಗಿನ ಓರೆಬಿಸಿಲಿನಲ್ಲಿ ಮಾತ್ರ ಅವು ಎದ್ದು ಕಾಣುತ್ತವೆ. ಬಿಸಿಲು ನೆತ್ತಿಗೇರಿದಂತೆ ಕಲ್ಲು ಮತ್ತೆ ಬರಿಯ ಕಲ್ಲಾಗುತ್ತದೆ. ಅಲ್ಲಿಂದ ಮುಂದೆ ಕೇಕಿನಂತೆ ಕತ್ತರಿಸಿ ಇಟ್ಟ ಬಿಳಿಯ ಮರಳುಗಲ್ಲು, ಕೆಳಗೆ ನೂರಡಿ ಆಳದಲ್ಲಿ ನೀಲಿ. ಆ ಕಲ್ಲು ಮರಳಾಗಿ ಹರಡಿದ ಯುಗದಲ್ಲಿ ಭಾರತವೂ ಆಸ್ಟ್ರೇಲಿಯವೂ ಒಂದೇ ನೆಲದ ಭಾಗಗಳಾಗಿದ್ದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಭೂಖಂಡಕ್ಕೆ ಅವರಿಟ್ಟ ಹೆಸರು ಗೊಂಡ್ವಾನ, ನಮ್ಮ ಗೊಂಡರ ನಾಡಿನದು. ನಾನು ಇದನ್ನು ಗೆಳೆಯರಿಗೆ ಸ್ವಲ್ಪ ಜೋರಾಗಿಯೇ ವಿವರಿಸಿದೆನೆಂದು ನೆನಪು.

ಮಾರ್ಲಿ ದಂಡೆಗೆ ಬಂದಾಗ ಹನ್ನೊಂದು ಗಂಟೆಯಿದ್ದೀತು. ಊರಿಲ್ಲ, ರಸ್ತೆಯಿಲ್ಲ, ಕಾವಲುಗಾರರಿಲ್ಲ, ಎಲ್ಲಿ ಈಜಬಹುದೆಂದು ತೋರಿಸುವ ಹಳದಿ-ಕೆಂಪು ಬಾವುಟಗಳೂ ಇಲ್ಲ. ಜೇಜುವಿನವಳ ಹಿಮ್ಮಡಿ ಬೊಬ್ಬೆ ಎದ್ದಿತ್ತು. ಕ್ರೊನುಲ್ಲಾದವನು ಹಿಂದೆ ಉಳಿದು ಅದಕ್ಕೆ ಪಟ್ಟಿ ಹಚ್ಚುತ್ತಿದ್ದನು. ನಾನು ಚೀಲವನ್ನೂ ಬೂಟುಗಳನ್ನೂ ಮರಳಿನ ಮೇಲಿಟ್ಟು ನೀರಿನ ಕಡೆಗೆ ನೋಡಿದೆ. ಎಡಕ್ಕೂ ಬಲಕ್ಕೂ ಅಲೆಗಳು ಬಿಳಿಯಾಗಿ ಒಡೆಯುತ್ತಿದ್ದವು. ನಡುವೆ ಹತ್ತು ಮಾರು ಅಗಲದ ಒಂದು ಓಣಿ. ಅಲ್ಲಿ ನೊರೆಯಿಲ್ಲ, ಅಬ್ಬರವಿಲ್ಲ, ನೀರು ಕಡುಹಸಿರು. ಅಜ್ಜಿ ಜೊತೆಯಲ್ಲಿದ್ದಿದ್ದರೆ ಮೂರು ಮುಳುಗಿಗೆ ಅದೇ ಜಾಗವನ್ನು ತೋರಿಸುತ್ತಿದ್ದಳು. ಇಳಿದೆ.

ಸೊಂಟದವರೆಗೆ ನೀರು ಬಂದದ್ದು ನೆನಪಿದೆ. ಆಮೇಲೆ ಕಾಲಿಗೆ ನೆಲ ಸಿಗಲಿಲ್ಲ. ಹಿಂತಿರುಗಿ ನೋಡಿದರೆ ದಂಡೆ ಆಗಲೇ ದೂರವಾಗಿತ್ತು. ಯಾರೂ ಎಳೆಯುತ್ತಿರುವಂತೆ ಅನಿಸಲಿಲ್ಲ. ನಾನಿದ್ದಲ್ಲೇ ಇದ್ದೆ, ನೆಲವೇ ಹಿಂದಕ್ಕೆ ಸರಿಯುತ್ತಿತ್ತು. ಕೆರೆಯಲ್ಲಿ ಕಲಿತ ಈಜು ನನ್ನದು, ತಲೆಯೆತ್ತಿ ಕೈ ಬಡಿಯುವುದು. ದಂಡೆಯ ಕಡೆಗೆ ಮುಖ ಮಾಡಿ ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ಬಡಿದೆ. ಒಂದು ಮಾರು ಕೂಡ ಹತ್ತಿರವಾಗಲಿಲ್ಲ. ನೀರು ಕುಡಿದೆ. ಮೀನಖಂಡ ಸೆಟೆದುಕೊಂಡಿತು. ಇಂಥ ಗಳಿಗೆಯಲ್ಲಿ ದೇವರ ನೆನಪಾಗುತ್ತದೆ, ತಾಯಿಯ ನೆನಪಾಗುತ್ತದೆ ಎಂದು ಓದಿದ್ದೇನೆ. ನನಗೆ ನೆನಪಾದದ್ದು ಕನ್ನಡಕ. ಅದನ್ನು ಚೀಲದ ಯಾವ ಜೇಬಿನಲ್ಲಿಟ್ಟೆ, ಅವರಿಗೆ ಅದು ಸಿಕ್ಕೀತೆ ಎಂದು ಯೋಚಿಸಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆ.

ಅಷ್ಟರಲ್ಲಿ ದಂಡೆಯ ಮೇಲೆ ಒಂದು ಆಕೃತಿ ಓಡಿಬಂದು ಎತ್ತರದ ಮರಳಿನ ಮೇಲೆ ನಿಂತಿತು. ಕೂಗು ಕೇಳುವಂತಿರಲಿಲ್ಲ. ಅವನು ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿದನು; ಆಮೇಲೆ ಎರಡನ್ನೂ ಒಂದೇ ಪಕ್ಕಕ್ಕೆ, ಉತ್ತರಕ್ಕೆ, ಚಾಚಿ ಹಿಡಿದನು. ಕ್ರೊನುಲ್ಲಾದ ಮರಳಿನ ಮೇಲೆ ಒಂದು ದಿನ ಅವನು ಹೇಳಿದ್ದು ಆಗ ತಲೆಗೆ ಬಂದಿತು: ಕಡಲು ಒಯ್ದರೆ ಜಗಳವಾಡಬೇಡ, ಅಂಗಾತ ಮಲಗು, ಅದಕ್ಕೂ ದಣಿವಾಗುತ್ತದೆ. ಮಲಗಿದೆ. ಜಗಳ ಬಿಟ್ಟ ಮೇಲೆ ಉಸಿರು ಬಂತು. ಒಡೆಯುವ ಅಲೆಗಳ ಸಾಲನ್ನು ದಾಟಿ ಹೊರಗೆ ಹೋದ ಮೇಲೆ ಸೆಳವು, ಕೆಲಸ ಮುಗಿದ ಕೂಲಿಯವನಂತೆ, ನನ್ನನ್ನು ಕೆಳಗಿಟ್ಟು ಎಲ್ಲಿಗೋ ಹೋಯಿತು. ಅಲ್ಲಿಂದ ದಂಡೆಗೆ ಅಡ್ಡಲಾಗಿ, ಅವನ ಕೈ ತೋರಿಸಿದ ಕಡೆಗೆ, ಮೆಲ್ಲಗೆ ಈಜುತ್ತ, ಅಲೆಗಳು ಒಡೆಯುವ ಜಾಗಕ್ಕೆ ಬಂದೆ. ನಾನು ಹೆದರಿ ದೂರವಿಟ್ಟಿದ್ದ ಆ ಬಿಳಿಯ ಅಬ್ಬರವೇ ನನ್ನನ್ನು ಮಗುಚಿ, ಉರುಳಿಸಿ, ನೆಲ ಸಿಗುವ ಕಡೆಗೆ ತಂದು ಹಾಕಿತು. ಅವನು ಎದೆಮಟ್ಟದ ನೀರಿನಲ್ಲಿ ನಿಂತಿದ್ದನು, ರಾತ್ರಿ ಮಲಗಲು ತಂದಿದ್ದ ರಬ್ಬರು ಚಾಪೆಯ ಸುರುಳಿಯನ್ನು ಅವುಚಿಕೊಂಡು. ಮುಳುಗುವವನ ಬಳಿಗೆ ಬರಿಗೈಯಲ್ಲಿ ಹೋದರೆ ಇಬ್ಬರೂ ಹೋಗುತ್ತಾರೆಂದು ಅವನು ಕಲಿತಿದ್ದನು. ಬೈಯಲಿಲ್ಲ. ಚಹಾ ಮಾಡೋಣ ಎಂದನು.

ಅಂದು ಸಂಜೆಗತ್ತಲಿನ ಹೊತ್ತಿಗೆ ನಾರ್ತ್ ಈರಾ ಎಂಬಲ್ಲಿಗೆ ಬಂದು ಡೇರೆ ಹಾಕಿದೆವು. ನಡುವಿನ ದಾರಿಯಲ್ಲಿ ವಾಟಮೊಲ್ಲಾ ಸಿಕ್ಕಿತು. ೧೭೯೬ರಲ್ಲಿ ಫ್ಲಿಂಡರ್ಸ್ ಮತ್ತು ಬಾಸ್ ಎಂಬ ನಾವಿಕರು ಒಬ್ಬ ಹುಡುಗನೊಡನೆ ಪುಟ್ಟ ದೋಣಿಯಲ್ಲಿ ಬಿರುಗಾಳಿಗೆ ಸಿಕ್ಕಿ, ಕತ್ತಲಲ್ಲಿ ಆ ಕೊಲ್ಲಿಯೊಳಗೆ ನುಗ್ಗಿ ಜೀವ ಉಳಿಸಿಕೊಂಡು, ಅದಕ್ಕೆ ದೈವಕೃಪೆಯ ಹೆಸರಿಟ್ಟರಂತೆ. ಬೇರೆ ದಿನವಾಗಿದ್ದರೆ ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಅಂದು ನನಗೆ ಕಾಲಿನಡಿಯ ನೆಲವೊಂದೇ ಸಾಕಾಗಿತ್ತು.

ರಾತ್ರಿ ಕ್ರೊನುಲ್ಲಾದವನು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದನು. ಅಲೆಗಳು ಹೊತ್ತು ತಂದ ನೀರೆಲ್ಲ ದಂಡೆಗೆ ಬಂದು ರಾಶಿಬೀಳುತ್ತದೆ, ಅದು ಹಿಂತಿರುಗಲೇಬೇಕು. ಮರಳದಿಣ್ಣೆಗಳ ನಡುವೆ ತಗ್ಗು ಎಲ್ಲಿದೆಯೋ ಅಲ್ಲಿ ಹಳ್ಳದಂತೆ ಸೇರಿ ಹೊರಗೆ ಹರಿಯುತ್ತದೆ. ತಗ್ಗಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ; ಆಳವಾದ್ದರಿಂದ ಬಣ್ಣ ಕಪ್ಪು. ಸೆಕೆಂಡಿಗೆ ಒಂದು ಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುವ ಸೆಳವುಗಳುಂಟು; ಎಂಥ ಈಜುಗಾರನೂ ಅದರ ಎದುರು ಹೆಚ್ಚು ಹೊತ್ತು ನಿಲ್ಲಲಾರನು. ಹೊಸಬರು ಹುಡುಕಿಕೊಂಡು ಹೋಗಿ ಇಳಿಯುವುದು ಅಲ್ಲಿಗೇ ಎಂದು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ೧೯೩೮ರ ಫೆಬ್ರವರಿ ೬ರ ಭಾನುವಾರ ಬಾಂಡೈಯಲ್ಲಿ ಒಂದರ ಹಿಂದೊಂದು ಬಂದ ಭಾರಿ ಅಲೆಗಳು ದಿಣ್ಣೆಯ ಮೇಲೆ ನಿಂತಿದ್ದವರನ್ನು ಒಮ್ಮೆಗೇ ಒಳಕ್ಕೆ ಎಳೆದುಕೊಂಡವು. ಸುಮಾರು ೨೫೦ ಮಂದಿಯನ್ನು ಎತ್ತಿ ತಂದರು, ಐವರು ಉಳಿಯಲಿಲ್ಲ. ಆ ದಿನದ ಕಥೆಯನ್ನು ದಂಡೆ ಕಾಯುವ ಪ್ರತಿಯೊಬ್ಬ ಹುಡುಗನಿಗೂ ಹೇಳುತ್ತಾರಂತೆ.

ಆಮೇಲೆ ಚಿಲಿಯವನು ಮಾತಾಡಿದನು. ೧೯೬೦ರ ಮೇ ೨೨ರಂದು ಅವನ ಊರಿನ ಕಡೆ ನಡುಗಿದ ಭೂಮಿ, ಮನುಷ್ಯರು ಅಳೆದಿರುವ ಭೂಕಂಪಗಳಲ್ಲೆಲ್ಲ ದೊಡ್ಡದು. ಅದರ ಪ್ರಮಾಣ ೯.೫. ಅಂದೆದ್ದ ಅಲೆಗಳು ಶಾಂತಸಾಗರವನ್ನು ಹಾಯ್ದು ಹವಾಯಿಯನ್ನೂ ಜಪಾನನ್ನೂ ತಲಪಿ ಅಲ್ಲಿಯೂ ಜನರನ್ನು ಕೊಂದವು. ಅವನ ಅಜ್ಜಿ ಅಂದು ಇಬ್ಬರು ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದ್ದಳು. ಕಡಲು ಸದ್ದು ಮಾಡುವಾಗ ಅವಳು ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಿದ್ದಳು. ಸುಮ್ಮನಾದರೆ ಎದ್ದು ಕುಳಿತು ಕಿಟಕಿ ತೆರೆಯುತ್ತಿದ್ದಳು. ಅವನು ಎರಡು ವರ್ಷ ನಮ್ಮೊಡನೆ ಹಲಗೆ ಹಿಡಿದು ಬಂದವನು, ಈ ಮಾತನ್ನು ಅದುವರೆಗೆ ಎತ್ತಿರಲಿಲ್ಲ.

ಜೇಜುವಿನವಳ ಅಜ್ಜಿ ಹೇನ್ಯೊ, ಎಂದರೆ ಗಾಳಿಯ ಸಿಲಿಂಡರಿಲ್ಲದೆ ಒಂದೇ ಉಸಿರಿನಲ್ಲಿ ಕಡಲ ತಳಕ್ಕಿಳಿದು ಚಿಪ್ಪುಮೀನು ತರುವ ಹೆಂಗಸು. ಅವರ ಈ ಬಾಳುವೆಯನ್ನು ಯುನೆಸ್ಕೊ ೨೦೧೬ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಮೇಲೆ ಬಂದಾಗ ಹಿಡಿದಿದ್ದ ಉಸಿರನ್ನು ಬಿಡುವ ಸದ್ದು ಸಿಳ್ಳಿನಂತಿರುತ್ತದೆ. ಅದಕ್ಕೆ ಸುಂಬಿಸೊರಿ ಎಂದು ಹೆಸರು. ಚಿಕ್ಕಂದಿನಲ್ಲಿ ಬಂಡೆಯ ಮೇಲೆ ಕುಳಿತು ಅವಳು ಆ ಸಿಳ್ಳುಗಳನ್ನು ಎಣಿಸುತ್ತಿದ್ದಳಂತೆ. ಪ್ರತಿಯೊಬ್ಬಳದೂ ಬೇರೆ, ಅಜ್ಜಿಯದು ಯಾವುದೆಂದು ಅವಳಿಗೆ ಗೊತ್ತಿತ್ತು. “ಇವತ್ತು ಬೆಳಗ್ಗೆ ನಾನು ಕಿವಿಗೊಟ್ಟು ಕುಳಿತಿದ್ದೆ, ನಿನ್ನದು ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ” ಎಂದು ಹೇಳಿ ಡೇರೆಯೊಳಕ್ಕೆ ಹೋದಳು.

ನಾನು ಹೇಳುವುದಕ್ಕೆ ಏನಿತ್ತು? ನಮ್ಮ ಅಜ್ಜಿಯ ಸೆರಗಿನ ತುದಿ.

ತಿಂಗಳೊಂದು ನಾನು ನೀರು ಮುಟ್ಟಲಿಲ್ಲ. ಆಮೇಲೆ ಕ್ರೊನುಲ್ಲಾದವನು ಬಂದು, ಬಲವಂತ ಮಾಡದೆ, ಹಲಗೆಯೊಂದನ್ನು ಬಾಗಿಲಿಗೆ ಒರಗಿಸಿಟ್ಟು ಹೊರಗೆ ಕಾದನು. ಅಂದು ನನ್ನನ್ನು ಬೇಕೆಂದೇ ಒಂದು ಸಣ್ಣ ಸೆಳವಿನೊಳಕ್ಕೆ ಕರೆದೊಯ್ದನು. ಹಲಗೆಯವರು ಅಲೆಗಳ ಆಚೆಗೆ ಹೋಗುವುದೇ ಅದರ ಮೇಲೆ; ತೋಳಿಗೆ ದಣಿವಿಲ್ಲ, ಟಿಕೆಟ್ಟಿಲ್ಲ. ಆಚೆ ಹೋಗಿ ಹಲಗೆಯ ಮೇಲೆ ಕುಳಿತೆವು. ಕಾಯುತ್ತ ಬಹಳ ಹೊತ್ತು ಕಳೆಯಿತು. ಅವನು “ಇದು ನಿನ್ನದು” ಎಂದ ಅಲೆಯನ್ನು ಬಿಟ್ಟೆ. ಅದರ ಹಿಂದಿನದನ್ನು ಹಿಡಿದೆ. ಎದ್ದು ನಿಂತಾಗ ಕಾಲಿನ ಕೆಳಗೆ ನೀರು ಗಟ್ಟಿಯಾಗಿತ್ತು, ಸದ್ದೆಲ್ಲ ಹಿಂದೆ ಉಳಿದಿತ್ತು. ಐದು ಎಣಿಸುವಷ್ಟು ಹೊತ್ತು. ಅದಕ್ಕಿಂತ ಹೆಚ್ಚೆಂದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು.

೨೦೧೯ರಲ್ಲಿ ಊರಿಗೆ ಮರಳಿದೆ. ಈಗ ಒಳನಾಡಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೇನೆ. ನಮ್ಮ ಕರಾವಳಿಯೂ ಬದಲಾಗಿದೆ. ಮೂಲ್ಕಿಯಲ್ಲಿ ಹುಡುಗರು ಹಲಗೆ ಹಿಡಿದು ನೀರಿಗಿಳಿಯುತ್ತಾರೆ. ೨೦೧೬ರಲ್ಲಿ ಸಸಿಹಿತ್ಲುವಿನಲ್ಲಿ ದೇಶಮಟ್ಟದ ಸ್ಪರ್ಧೆಯೇ ನಡೆಯಿತು. ಕುಮಟೆಯಿಂದ ಗೋಕರ್ಣಕ್ಕೆ ದಂಡೆಗುಂಟ ನಡೆಯುವವರ ತಂಡಗಳನ್ನು ಚಳಿಗಾಲದಲ್ಲಿ ಎಲ್ಲೆಲ್ಲೂ ಕಾಣಬಹುದು. ಕಡಲು ಕಾಣದ ಸೀಮೆಯ ಶಾಲೆಗಳ ಬಸ್ಸುಗಳು ಸಾಲುಗಟ್ಟಿ ಬರುತ್ತವೆ. ೨೦೨೪ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಹಾಗೆ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದಲ್ಲಿ ಕಡಲ ಪಾಲಾದರು. ಆ ಸುದ್ದಿ ಓದಿದ ದಿನ ನಾನು ತರಗತಿಯಲ್ಲಿ ಪಾಠ ಮಾಡಲಿಲ್ಲ. ಕಪ್ಪುಹಲಗೆಯ ಮೇಲೆ ದಂಡೆಯ ಗೆರೆ ಎಳೆದು, ದಿಣ್ಣೆ ಎಳೆದು, ನಡುವೆ ಓಣಿ ಬಿಟ್ಟು ನಿಂತುಕೊಂಡೆ.

ಮರುವರ್ಷ ನಮ್ಮ ವಿದ್ಯಾರ್ಥಿಗಳನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದೆ. ಮೂವತ್ತು ಮಂದಿ, ಹೆಚ್ಚಿನವರು ಕಡಲನ್ನು ಕಂಡದ್ದು ಅದೇ ಮೊದಲು. ಯಾರನ್ನೂ ನೀರಿಗೆ ಬಿಡದೆ, ಮರಳು ಏರಿದ ಕಡೆ ಅರ್ಧ ಗಂಟೆ ಕೂರಿಸಿದೆ. ಏನನ್ನು ನೋಡುವುದು ಸಾರ್ ಎಂದರು. ನೋಡಿ ಎಂದೆ. ಆಮೇಲೆ, ಇಳಿಯುವುದಾದರೆ ಎಲ್ಲಿ ಇಳಿಯುತ್ತೀರಿ, ತೋರಿಸಿ ಎಂದೆ. ಮೂವತ್ತು ಕೈಗಳೂ ಅಲೆಯಿಲ್ಲದ ಒಂದೇ ಜಾಗದ ಕಡೆಗೆ ಎದ್ದವು. ಸಮೀಪದಲ್ಲಿ, ಮೇಲೆ ಎಳೆದಿಟ್ಟ ದೋಣಿಯ ನೆರಳಿನಲ್ಲಿ, ಮುದುಕನೊಬ್ಬನು ಬಲೆ ಹೊಲಿಯುತ್ತಿದ್ದನು. ತಲೆಯೆತ್ತದೆಯೇ ಹೇಳಿದನು:

“ಅದು ನಮ್ಮ ದೋಣಿ ಹೊರಗೆ ಹೋಗೂ ದಾರಿ.”